ಸ್ಥಿರಬಲದ ಸ್ಪ್ರಿಂಗು

ಕಲಾದಗಿ ಸೀಮೆಯ ವಾಚಕರಿಗೆ ಇಳಕಲ್ಲು, ಗುಳೇದಗುಡ್ಡಗಳ ಮಗ್ಗಗಳನ್ನು ಪರಿಚಯಿಸಬೇಕಾದುದಿಲ್ಲ. ಜಕಾರ್ಡ್ ಕಟ್ಟಿದ ಮಗ್ಗವನ್ನು ನಿಂತು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಾಸಿನ ಎಳೆಗಳನ್ನು ಮೇಲೆತ್ತುವ ದಾರಗಳ ಕೆಳತುದಿಯಲ್ಲಿ ಸಣ್ಣ ಲೋಹದ ಕಡ್ಡಿಗಳು ತೂಗುತ್ತಿರುತ್ತವೆ. ಮೇಲೇರಿದ ದಾರವನ್ನು ಮರಳಿ ಕೆಳಗೆ ತರುವುದು ಆ ಕಡ್ಡಿಯ ಭಾರವೇ. ದಾರವನ್ನು ಎರಡು ಬೆರಳು ಎತ್ತಿದರೂ ನಾಲ್ಕು ಬೆರಳು ಎತ್ತಿದರೂ ಅದರ ಎಳೆತ ಒಂದೇ. ಕಡ್ಡಿಯ ಬದಲು ಸಾಮಾನ್ಯ ಸ್ಪ್ರಿಂಗನ್ನು ಕಟ್ಟಿದರೆ ಎತ್ತಿದಷ್ಟೂ ಎಳೆತ ಹೆಚ್ಚುತ್ತ ಹೋಗುವುದು.

ಇದು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ ನಿಯಮ. 100 ಗ್ರಾಂ ತೂಕಕ್ಕೆ 2 ಸೆಂಟಿಮೀಟರು ಹಿಗ್ಗಿದ ಸ್ಪ್ರಿಂಗು 200 ಗ್ರಾಂ ತೂಕಕ್ಕೆ 4 ಸೆಂಟಿಮೀಟರು ಹಿಗ್ಗುತ್ತದೆ. ಹೀಗಿರಲು, ಎಷ್ಟು ಎಳೆದರೂ ಒಂದೇ ಬಲದಿಂದ ಹಿಂದಕ್ಕೆಳೆಯುವ ಸ್ಪ್ರಿಂಗೂ ಉಂಟೆಂದರೆ ಚುರುಕು ವಿದ್ಯಾರ್ಥಿ ನಂಬಲಾರ. ಕಾರಣ ತಿಳಿಯುವವರೆಗೆ ನಂಬದಿರುವುದೇ ಒಳ್ಳೆಯದು.

ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಬಿಗಿಯಾದ ಸುರುಳಿಯಾಗಿ ರೂಪಿಸಿರುತ್ತಾರೆ. ಸುರುಳಿಯಾಗಿರುವುದೇ ಅದರ ಸಹಜ ಸ್ಥಿತಿ. ಅದನ್ನು ತಿರುಗುವ ಗಾಲಿಯ ಮೇಲೆ ಕೂರಿಸಿ ತುದಿ ಹಿಡಿದು ಎಳೆದರೆ ಹೊರಬಂದ ಭಾಗ ನೇರವಾಗುತ್ತದೆ. ನಮ್ಮ ಶ್ರಮವೆಲ್ಲ ವ್ಯಯವಾಗುವುದು ಪಟ್ಟಿಯು ಸುರುಳಿಯನ್ನು ಬಿಟ್ಟು ಹೊರಡುವ ಆ ತಿರುವಿನಲ್ಲಿ ಮಾತ್ರ. ಆಗಲೇ ನೇರವಾದ ಭಾಗವು ಹಗ್ಗದಂತೆ ಎಳೆತವನ್ನು ಸಾಗಿಸುತ್ತದೆಯೇ ಹೊರತು ಮತ್ತೆ ಹಿಗ್ಗುವುದಿಲ್ಲ. ಸುರುಳಿಯಲ್ಲಿ ಉಳಿದ ಭಾಗದ ಸರದಿ ಇನ್ನೂ ಬಂದಿಲ್ಲ. ಆರಂಭದ ಸ್ವಲ್ಪ ದೂರವನ್ನು ಬಿಟ್ಟರೆ, ಹತ್ತನೆಯ ಸೆಂಟಿಮೀಟರಿನಲ್ಲಿ ಎಷ್ಟು ಪಟ್ಟಿಯನ್ನು ನೇರಗೊಳಿಸುತ್ತೇವೆಯೋ ಐವತ್ತನೆಯದರಲ್ಲಿಯೂ ಅಷ್ಟನ್ನೇ. ಕೆಲಸ ಸಮನಾದ ಮೇಲೆ ಬಲವೂ ಸಮನಾಗಲೇಬೇಕು. ಹುಕ್‌ನ ನಿಯಮ ಮುರಿದಿಲ್ಲ. ಪಟ್ಟಿಯ ಒಂದೊಂದು ಅಂಶವೂ ತನ್ನ ಸರದಿಯಲ್ಲಿ ಅದನ್ನು ಪಾಲಿಸುತ್ತದೆ. ಬಹುಕಾಲ ಸುತ್ತಿಟ್ಟ ಕ್ಯಾಲೆಂಡರನ್ನು ಬಿಡಿಸುವಾಗ ಕೈಗೆ ತಾಗುವ ಎಳೆತ ಇದೇ ಬಗೆಯದು.

12 ಮಿಲಿಮೀಟರು ಅಗಲ, 0.1 ಮಿಲಿಮೀಟರು ದಪ್ಪದ ಉಕ್ಕಿನ ಪಟ್ಟಿಯನ್ನು 8 ಮಿಲಿಮೀಟರು ತ್ರಿಜ್ಯದಲ್ಲಿ ಸುತ್ತಿದರೆ ಅದು ಸುಮಾರು 160 ಗ್ರಾಂ ತೂಕದಷ್ಟು ಎಳೆಯುತ್ತದೆಂದು ಲೆಕ್ಕ ಹೇಳುತ್ತದೆ. ದಪ್ಪ ಇಮ್ಮಡಿಯಾದರೆ ಬಲ ಎಂಟು ಮಡಿ! ಆದರೆ ಅಷ್ಟು ದಪ್ಪದ ಪಟ್ಟಿ ಅಷ್ಟು ಬಿಗಿಯಾದ ಸುರುಳಿಯಿಂದ ನೇರವಾಗುವಾಗ ಉಂಟಾಗುವ ಒತ್ತಡವನ್ನು ಉಕ್ಕು ತಾಳದು. ತ್ರಿಜ್ಯವನ್ನೂ ಇಮ್ಮಡಿಗೊಳಿಸಬೇಕಾಗುತ್ತದೆ, ಆಗ ದೊರೆಯುವ ಬಲ ಎರಡು ಮಡಿ ಮಾತ್ರ.

ಬಡಗಿಯ ಉಕ್ಕಿನ ಟೇಪು ಇದಕ್ಕೆ ಉದಾಹರಣೆಯೆಂದು ಕೆಲವರು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಅದನ್ನು ಹಿಂದಕ್ಕೆಳೆಯುವ ಒಳಗಿನ ಸ್ಪ್ರಿಂಗು ಟೇಪನ್ನು ಹೊರಗೆಳೆದಷ್ಟೂ ಬಿಗಿಯುತ್ತದೆ. ಕೀಲಿ ಕೊಡುವ ಕೈಗಡಿಯಾರದ್ದೂ ಇದೇ ತೊಡಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಎಚ್.ಎಂ.ಟಿ. ಗಡಿಯಾರಗಳನ್ನು ನಮ್ಮ ಹಿರಿಯರಲ್ಲಿ ಎಷ್ಟೋ ಜನ ಕಟ್ಟಿದವರು. ಕೀಲಿ ಕೊಟ್ಟಾಗ ಅಂಥ ಗಡಿಯಾರದ ಸ್ಪ್ರಿಂಗು ಉದ್ದಕ್ಕೂ ಒಟ್ಟಿಗೇ ಬಾಗುತ್ತದೆ, ಸರದಿಯಂತಲ್ಲ; ಆದುದರಿಂದ ಬಿಚ್ಚಿಕೊಂಡಂತೆ ಅದರ ಬಲ ಕುಂದುತ್ತದೆ. ದಿನವೂ ಒಂದೇ ಹೊತ್ತಿಗೆ ಕೀಲಿ ಕೊಡಬೇಕೆಂಬ ವಾಡಿಕೆಯ ಹಿಂದೆ ಈ ಕಾರಣವೂ ಇದೆ.

ಸ್ಥಿರಬಲದ ಸ್ಪ್ರಿಂಗಿನ ನಿಜವಾದ ಉಪಯೋಗ ತಿಳಿಯಬೇಕಾದರೆ ದೊಡ್ಡ ವಿದ್ಯುತ್ ಮೋಟಾರುಗಳ ಇಂಗಾಲದ ಬ್ರಷ್ಷನ್ನು ನೋಡಬೇಕು. ಬ್ರಷ್ಷು ಸವೆದು ಗಿಡ್ಡವಾಗುತ್ತಿದ್ದರೂ ಅದನ್ನು ತಿರುಗುವ ಭಾಗದ ಮೇಲೆ ಒಂದೇ ಸಮನೆ ಒತ್ತಿ ಹಿಡಿಯಬೇಕು. ಒತ್ತಡ ಕಡಿಮೆಯಾದರೆ ಕಿಡಿ ಹಾರುವುದು, ಹೆಚ್ಚಾದರೆ ಸವೆತ. ಭಾರವನ್ನು ತೂಗುಹಾಕಲು ಅಲ್ಲಿ ಎಡೆಯಿಲ್ಲ.

ಈ ಸ್ಪ್ರಿಂಗಿಗೂ ಆಯುಸ್ಸಿನ ಮಿತಿಯುಂಟು. ಪ್ರತಿ ಎಳೆತಕ್ಕೂ ಪಟ್ಟಿ ನೇರವಾಗಿ ಮತ್ತೆ ಬಾಗುವುದರಿಂದ ಲೋಹ ದಣಿದು ಕೊನೆಗೆ ಬಿರುಕು ಬಿಡುತ್ತದೆ. ಬಲ ಕುಂದಿ ಮುನ್ಸೂಚನೆ ನೀಡುವ ಗುಣ ಇದಕ್ಕೆ ಕಡಿಮೆ. ಆದಕಾರಣ ಎಷ್ಟು ಸಾವಿರ ಎಳೆತಗಳಿಗೆ ಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ದಪ್ಪವನ್ನೂ ತ್ರಿಜ್ಯವನ್ನೂ ಗೊತ್ತುಮಾಡುತ್ತಾರೆ.

ತೂಗುವ ಕಡ್ಡಿಗೆ ಆ ದಣಿವಿಲ್ಲ. ಅದರ ದೋಷ ಬೇರೆ: ಅತಿವೇಗದ ಯಂತ್ರಮಗ್ಗದಲ್ಲಿ ಅದು ಜಿಗಿದಾಡಿ ದಾರವನ್ನು ಸಡಿಲಗೊಳಿಸುತ್ತದೆ. ಅಂಥಲ್ಲಿ ಎಳೆತ ಹೆಚ್ಚುಕಡಿಮೆಯಾದರೂ ಸರಿಯೆಂದು ಸ್ಪ್ರಿಂಗುಗಳನ್ನೇ ಕಟ್ಟುತ್ತಾರೆ. ಕೈಮಗ್ಗದ ನಿಧಾನಗತಿಯಲ್ಲಿ ಆ ತೊಂದರೆ ತಲೆದೋರುವುದಿಲ್ಲ. ಅಲ್ಲಿ ಕಡ್ಡಿಗಳನ್ನು ಬಿಚ್ಚಿ ಸ್ಪ್ರಿಂಗು ಹಾಕಲು ನನಗಂತೂ ಕಾರಣ ಕಾಣದು.