ಡೈರಿ ಕೂಗಿ ಕರೆಯುವುದಿಲ್ಲ

ಹೊಸ ವರ್ಷ ಬಂತೆಂದರೆ ನನಗೆ ಡೈರಿಯ ಹುಚ್ಚು. ಹೋದ ಡಿಸೆಂಬರಿನಲ್ಲೂ ಪುಸ್ತಕದಂಗಡಿಯಲ್ಲಿ ಅರ್ಧ ಗಂಟೆ ನಿಂತು, ದಿನಕ್ಕೊಂದು ಪುಟವಿರುವ, ಗಟ್ಟಿ ರಟ್ಟಿನ ಪ್ಲ್ಯಾನರ್ ಆರಿಸಿ ತಂದೆ. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಗೆರೆ. ಮನೆಗೆಲಸಕ್ಕೆ ಹಸಿರು ಶಾಯಿ, ಆಫೀಸಿಗೆ ನೀಲಿ, ನನ್ನ ವಾಕಿಂಗು, ಓದಿಗೆ ಕೆಂಪು. “ಈ ಸಲ ನೋಡಿ, ನಮ್ಮನೆ ಗಡಿಯಾರದ ಹಾಗೆ ನಡೆಯುತ್ತೆ” ಅಂದೆ. ಇವರು ಪೇಪರಿನಿಂದ ತಲೆ ಎತ್ತದೆ, “ಹೋದ ವರ್ಷದ್ದು ಎಲ್ಲಿದೆ?” ಅಂದರು. ಅದು ಫೆಬ್ರವರಿಯಿಂದಾಚೆ ಖಾಲಿ ಉಳಿದು, ಮಗಳ ರಫ್ ನೋಟ್‌ಬುಕ್ ಆಗಿತ್ತು!

ಈ ಸಲವೂ ಮೊದಲ ವಾರ ಹಬ್ಬ. ದಿನಕ್ಕೆ ಹದಿನೈದು, ಹದಿನಾರು ಕೆಲಸ ಬರೆದೆ. ಸಂಜೆಗೆ ಆರೋ ಏಳೋ ಮುಗಿದಿರುತ್ತಿದ್ದವು. ಉಳಿದವನ್ನು ನಾಳೆಯ ಪುಟಕ್ಕೆ ದಾಟಿಸುತ್ತಿದ್ದೆ. ಕೈಸಾಲದ ಬಡ್ಡಿಯ ಹಾಗೆ ಪಟ್ಟಿ ಬೆಳೆಯುತ್ತ ಹೋಯಿತು. ಕೊನೆಗೆ ಡೈರಿ ತೆರೆಯುವುದಕ್ಕೇ ಮನಸ್ಸು ಹಿಂಜರಿಯತೊಡಗಿತು. ಒಂಬತ್ತು ದಿನ ಅದನ್ನು ಮುಟ್ಟಲೇ ಇಲ್ಲ.

ಆ ಒಂಬತ್ತು ದಿನಗಳಲ್ಲೇ ಎಡವಟ್ಟಾಯಿತು. ನಾಲ್ಕನೇ ತರಗತಿಯ ಮಗಳು ಬೇಲೂರು–ಹಳೇಬೀಡು ಪ್ರವಾಸದ ಒಪ್ಪಿಗೆ ಪತ್ರ ತಂದು ಕೊಟ್ಟಿದ್ದಳು. “ಸಹಿ ಹಾಕಿ, ದುಡ್ಡು ಕಟ್ತೀಯಾ ಅಮ್ಮ?” ಎಂದು ಕೇಳಿದಾಗ, “ಡೈರಿಯಲ್ಲಿ ಬರೆದಿದ್ದೀನಿ ಪುಟ್ಟಿ, ಮರೆಯೋದೇ ಇಲ್ಲ” ಅಂದಿದ್ದೆ. ಪತ್ರವನ್ನೂ ಅದೇ ಪುಟದಲ್ಲಿ ಮಡಚಿಟ್ಟಿದ್ದೆ. ನೆನಪಾಗಿ ಶಾಲೆಗೆ ಓಡಿದಾಗ ಕೊನೆಯ ದಿನ ಕಳೆದು, ಬಸ್ಸಿನ ಸೀಟುಗಳೆಲ್ಲ ಭರ್ತಿಯಾಗಿದ್ದವು. ಗೆಳತಿಯರು ಹೋದ ದಿನ ಅವಳು ಮನೆಯಲ್ಲಿದ್ದಳು. ಅಳಲಿಲ್ಲ. ಡೈರಿ ತಂದು ಆ ಪುಟ ತೋರಿಸಿ, “ಬರೆದಿದ್ದೀಯಲ್ಲ ಅಮ್ಮ, ಮತ್ತೆ?” ಅಂದಳು. ಹಸಿರು ಶಾಯಿ, ಪಕ್ಕದಲ್ಲೊಂದು ನಕ್ಷತ್ರ. ಆ “ಮತ್ತೆ?”ಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಲ್ಲಿ ನಮ್ಮ ಅತ್ತೆಯವರ ಕ್ಯಾಲೆಂಡರ್ ತೂಗುತ್ತದೆ. ಹಾಲು ಅರ್ಧ ಲೀಟರ್ ಹೆಚ್ಚು ತಂದ ದಿನ, ಸಿಲಿಂಡರ್ ಬದಲಿಸಿದ ದಿನ, ಪೇಪರ್ ಬಾರದ ದಿನ, ಇಷ್ಟೇ ಅದರ ಚೌಕಗಳಲ್ಲಿರುವುದು. ನನ್ನ ಡೈರಿಗಳು ಹಾದಿತಪ್ಪಿದರೂ ಅದು ಒಮ್ಮೆಯೂ ತಪ್ಪಿಲ್ಲ. ಯಾಕೆಂದರೆ ಅತ್ತೆ ಅದರಿಂದ ಕೇಳುವುದು ಬಹಳ ಕಡಿಮೆ. ತಲೆಯಲ್ಲಿ ನಿಲ್ಲದ್ದನ್ನು ಮಾತ್ರ ಬರೆಯುತ್ತಾರೆ. ಅದು ಒಲೆಯ ಪಕ್ಕದಲ್ಲೇ ಇರುವುದರಿಂದ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ನಾನೋ, ಡೈರಿ ನನ್ನನ್ನೇ ಬದಲಿಸಿಬಿಡಲಿ ಎಂದು ಕಾಯುತ್ತಿದ್ದೆ!

ನಾನೊಬ್ಬಳೇ ಹೀಗಲ್ಲ ಎಂದು ಆಮೇಲೆ ಓದಿ ತಿಳಿಯಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 13 ಸದ್ಗುಣಗಳ ಪಟ್ಟಿ ಮಾಡಿ, ಪುಟ್ಟ ಪುಸ್ತಕವೊಂದರಲ್ಲಿ ದಿನದಿನದ ತಪ್ಪುಗಳಿಗೆ ಚುಕ್ಕೆ ಇಡುತ್ತಿದ್ದರು. ದಿನದ 24 ಗಂಟೆಗಳಿಗೂ ವೇಳಾಪಟ್ಟಿ ಇತ್ತು. ಅಂಥವರೇ, ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅಚ್ಚುಕಟ್ಟುತನವೆಂಬ ಗುಣ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಪರಿಪೂರ್ಣನಾಗದಿದ್ದರೂ ಆ ಪ್ರಯತ್ನದಿಂದ ಮೊದಲಿಗಿಂತ ಒಳ್ಳೆಯವನಾದೆ ಎಂಬ ಸಮಾಧಾನವೂ ಅವರಿಗಿತ್ತು.

ನಮ್ಮ ಅಂದಾಜು ತಪ್ಪುವುದಕ್ಕೂ ಕಾರಣವಿದೆ. ಕೆಲಸಕ್ಕೆ ಬೇಕಾಗುವ ಸಮಯವನ್ನು ಮನುಷ್ಯರು ಕಡಿಮೆಯಾಗಿ ಎಣಿಸುತ್ತಾರೆ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಹೇಳಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದವಿಯ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದಿದ್ದ ವಿದ್ಯಾರ್ಥಿಗಳಿಗೆ ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಹಾಗಿರುವಾಗ, ಅರ್ಧ ಗಂಟೆಯಲ್ಲಿ ಬೀರು ಜೋಡಿಸಿಬಿಡುತ್ತೇನೆ ಎಂದು ಬರೆದ ನನ್ನ ಗತಿ ಏನು?

ಈಗ ನಾಲ್ಕೇ ನಿಯಮ ಇಟ್ಟುಕೊಂಡಿದ್ದೇನೆ. ಒಂದು, ದಿನಕ್ಕೆ ಮೂರೇ ಕೆಲಸ ಬರೆಯುವುದು. ಸ್ನಾನ, ಅಡುಗೆಯಂಥವು ಬರೆಯದೆಯೂ ನಡೆಯುತ್ತವೆ. ಎರಡು, ಅರ್ಧ ಗಂಟೆ ಅನ್ನಿಸಿದ್ದಕ್ಕೆ ಒಂದು ಗಂಟೆ ಇಡುವುದು. ಮೂರು, ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಡೈರಿ ತೆರೆದು ನಾಳೆಯ ಪುಟ ನೋಡುವುದು. ಹೆಪ್ಪು ಹಾಕುವುದು ಎಂದೂ ತಪ್ಪುವುದಿಲ್ಲವಲ್ಲ, ಅದರ ಬಾಲ ಹಿಡಿದು ಡೈರಿಯೂ ಬರುತ್ತದೆ. ನಾಲ್ಕು, ಕಾಗದ ಕೂಗಿ ಕರೆಯುವುದಿಲ್ಲ ಎಂಬುದನ್ನು ನೆನಪಿಡುವುದು. ಅತ್ತೆಯವರ ಬಿ.ಪಿ. ಮಾತ್ರೆ, ಫೀಸಿನ ಕೊನೆಯ ದಿನದಂಥವಕ್ಕೆ ಫೋನಿನಲ್ಲಿ ಅಲಾರಂ.

ಈಗಲೂ ಪುಟಗಳು ಖಾಲಿ ಉಳಿಯುತ್ತವೆ. ಜ್ವರ ಬಂದ ವಾರ, ನೆಂಟರು ಬಂದ ವಾರ ಡೈರಿ ಮುಟ್ಟಿರುವುದಿಲ್ಲ. ಬಿಟ್ಟ ಪುಟಗಳನ್ನು ತುಂಬುವ ಹಟ ಈಗಿಲ್ಲ. ಇವತ್ತಿನ ಪುಟದಿಂದ ಮತ್ತೆ ಶುರು. ಡೈರಿ ದಿನಕ್ಕೆ ಇಪ್ಪತ್ತೈದನೇ ಗಂಟೆ ಸೇರಿಸುವುದಿಲ್ಲ, ಕೆಲಸವನ್ನೂ ಮಾಡಿಕೊಡುವುದಿಲ್ಲ. ಯಾವುದು ಮುಖ್ಯ ಎಂದು ನೆನಪಿಸುತ್ತದೆ, ಅದೂ ನಾವು ತೆರೆದು ನೋಡಿದರೆ.

ಮಾರ್ಚಿನ ಒಂದು ಭಾನುವಾರದ ಪುಟದಲ್ಲಿ ಪೆನ್ಸಿಲಿನ ದುಂಡು ಅಕ್ಷರಗಳಿದ್ದವು: ‘ಅಮ್ಮ, ಅಪ್ಪ, ಅಜ್ಜಿ, ನಾನು – ಬೇಲೂರು. ಬೆಳಗ್ಗೆ 6ಕ್ಕೆ ಹೊರಡೋದು.’ ಆ ದಿನ ನಾನು ಬೇರೇನೂ ಬರೆಯಲಿಲ್ಲ. ಚಿತ್ರಾನ್ನ ಕಟ್ಟಿ, ಅತ್ತೆಯವರ ಚಪ್ಪಲಿ ಹುಡುಕಿ, ಬಾಗಿಲು ಹಾಕಿ ಹೊರಟಾಗ ಗಂಟೆ ಏಳೂವರೆ. ಆದರೆ ಹೊರಟೆವು.