ಘಾಟಿ ತಿರುವಲ್ಲಿ ಕಾರು ವಾಲುತ್ತಾ? ದಪ್ಪ ಸ್ಟೆಬಿಲೈಜರ್ ಬಾರ್ ಹಾಕಿಸೋ ಮೊದಲು ಇಷ್ಟು ತಿಳಿದಿರಲಿ

ತೀರ್ಥಹಳ್ಳಿ: ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ, ಮಣಿಪಾಲಕ್ಕೆ ಹೋಗೋದು ತಾಲ್ಲೂಕಿನ ಜನರಿಗೆ ಹೊಸದಲ್ಲ. ಆಸ್ಪತ್ರೆಗೆ ರೋಗಿ ಕರ್ಕೊಂಡು ಹೋಗೋರು, ಅಂಗಡಿಗೆ ಸಾಮಾನು ತರೋರು, ಮಕ್ಕಳನ್ನು ಕಾಲೇಜಿಗೆ ಬಿಟ್ಟು ಬರೋರು ಎಲ್ಲರೂ ಇದೇ ದಾರಿ ಹಿಡಿಯುತ್ತಾರೆ. ಪ್ರತಿ ತಿರುವಲ್ಲೂ ಕಾರು ಒಂದು ಕಡೆ ವಾಲುತ್ತದೆ. ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ, ಓಡಿಸೋರಿಗೆ ಗಾಡಿ ಕೈ ಬಿಟ್ಟೀತು ಅನ್ನೋ ಅಳುಕು.

‘ದಪ್ಪ ಸ್ಟೆಬಿಲೈಜರ್ ಬಾರ್ ಹಾಕಿಸಿ, ಕಾರು ರೋಡಿಗೆ ಅಂಟಿಕೊಂಡು ಹೋಗುತ್ತೆ’ ಅನ್ನೋ ಸಲಹೆ ಬರೋದು ಆಗಲೇ. ಆನ್‌ಲೈನ್‌ನಲ್ಲಿ ಮಾಲು ಸಿಗುತ್ತದೆ, ಹಾಕೋಕೂ ಜಾಸ್ತಿ ಹೊತ್ತು ಬೇಡ. ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ತಪ್ಪು ಕಡೆ ಹಾಕಿಸಿದರೆ ಮಳೆಗಾಲದ ಘಾಟಿಯಲ್ಲಿ ಅದೇ ರಾಡ್ ಕಾರಿನ ಬಾಲ ಜಾರಿಸಬಹುದು.

ಏನಿದು ರಾಡ್?

ಕಾರಿನ ಅಡಿಯಲ್ಲಿ ಎಡಚಕ್ರದ ಸಸ್ಪೆನ್ಶನ್‌ನಿಂದ ಬಲಚಕ್ರದ ಸಸ್ಪೆನ್ಶನ್‌ಗೆ ಜೋಡಿಸಿರುವ, ‘ಯು’ ಅಕ್ಷರದ ಆಕಾರದ ಸ್ಟೀಲ್ ಸರಳು ಇದು. ಪುಸ್ತಕದ ಹೆಸರು ಆಂಟಿ ರೋಲ್ ಬಾರ್. ಗ್ಯಾರೇಜ್‌ನಲ್ಲಿ ಸ್ಟೆಬಿಲೈಜರ್ ಬಾರ್ ಅಂತಾರೆ, ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಜಂಪಿಂಗ್ ರಾಡ್. ನಡುಭಾಗವನ್ನು ರಬ್ಬರ್ ಬುಷ್‌ಗಳು ಬಾಡಿಗೆ ಹಿಡಿದಿರುತ್ತವೆ. ಬಹಳಷ್ಟು ಕಾರುಗಳಲ್ಲಿ ಎರಡು ತುದಿಗೂ ಒಂದೊಂದು ಲಿಂಕ್ ರಾಡ್ ಇರುತ್ತದೆ. ಐಡಿಯಾ ಹೊಸದೇನಲ್ಲ, 1919ರಲ್ಲೇ ಕೆನಡಾದಲ್ಲಿ ಇದಕ್ಕೆ ಪೇಟೆಂಟ್ ಆಗಿದೆ.

ಕೆಲಸ ಮಾಡೋ ರೀತಿ ಸರಳ. ಒದ್ದೆ ಜಮಖಾನೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡೋದನ್ನು ನೆನೆಸಿಕೊಳ್ಳಿ. ಇಬ್ಬರೂ ಒಂದೇ ದಿಕ್ಕಿಗೆ ತಿರುಗಿಸಿದರೆ ಜಮಖಾನೆ ಹುರಿಗೊಳ್ಳೋದಿಲ್ಲ. ಎದುರುಬದುರು ತಿರುಗಿಸಿದರೆ ಬಿಗಿಯಾಗುತ್ತದೆ. ಹಾಗೆಯೇ ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಈ ಸರಳಿಗೆ ಕೆಲಸವಿಲ್ಲ. ತಿರುವಲ್ಲಿ ಕಾರು ವಾಲಿ ಹೊರಗಿನ ಚಕ್ರದ ಕಡೆ ಕುಸಿದು, ಒಳಗಿನ ಕಡೆ ಎದ್ದಾಗ ಸರಳು ತಿರುಚಿಕೊಳ್ಳುತ್ತದೆ. ವಾಪಸ್ ನೆಟ್ಟಗಾಗೋಕೆ ನೋಡುತ್ತದೆ. ಆ ಬಲವೇ ಕಾರಿನ ವಾಲುವಿಕೆ ಕಮ್ಮಿ ಮಾಡುತ್ತದೆ.

ಎರಡು ಮಿಲಿಮೀಟರ್‌ಗೆ ಎಷ್ಟು ವ್ಯತ್ಯಾಸ?

ಇಲ್ಲೇ ಬಹಳ ಜನ ಲೆಕ್ಕ ತಪ್ಪೋದು. ಸರಳಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತದ ಪ್ರಕಾರ ಏರುತ್ತದೆ. 20 ಮಿ.ಮೀ. ಸರಳು ತೆಗೆದು 22 ಮಿ.ಮೀ. ಹಾಕಿದರೆ ದಪ್ಪ ಹೆಚ್ಚಿದ್ದು ಶೇ 10, ಬಿಗಿ ಹೆಚ್ಚೋದು ಸುಮಾರು ಶೇ 46. 24 ಮಿ.ಮೀ. ಹಾಕಿದರೆ ಬಿಗಿ ಎರಡು ಪಟ್ಟು ದಾಟುತ್ತದೆ. ‘ಒಂಚೂರು ದಪ್ಪ ಅಷ್ಟೇ ಬಿಡಿ’ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಹೆಚ್ಚಿದ ಬಲವನ್ನೆಲ್ಲ ಹಳೇ ಬುಷ್, ಹಳೇ ಲಿಂಕ್ ರಾಡ್, ಬಾಡಿಗೆ ಬೋಲ್ಟ್ ಹಾಕಿದ ಬ್ರ್ಯಾಕೆಟ್‌ಗಳೇ ತಡೆಯಬೇಕು.

ವಾಲೋದು ಕಮ್ಮಿ ಆದರೆ ಹಿಡಿತ ಹೆಚ್ಚಿದಂತೆಯೇ?

ಅಲ್ಲ. ತಿರುವಲ್ಲಿ ಒಳಗಿನ ಚಕ್ರದ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನೋದನ್ನು ಮುಖ್ಯವಾಗಿ ತೀರ್ಮಾನಿಸೋದು ಕಾರಿನ ವೇಗ, ತಿರುವಿನ ಬಿಗಿ, ಗಾಡಿಯ ಎತ್ತರ ಮತ್ತು ಚಕ್ರಗಳ ನಡುವಿನ ಅಗಲ. ಸ್ಟೆಬಿಲೈಜರ್ ಬಾರ್ ಈ ಒಟ್ಟು ಭಾರವನ್ನು ಕಮ್ಮಿ ಮಾಡೋದಿಲ್ಲ. ಅದರಲ್ಲಿ ಮುಂದಿನ ಜೋಡಿ ಚಕ್ರಕ್ಕೆ ಎಷ್ಟು ಪಾಲು, ಹಿಂದಿನ ಜೋಡಿಗೆ ಎಷ್ಟು ಪಾಲು ಅನ್ನೋದನ್ನು ಬದಲಾಯಿಸುತ್ತದೆ, ಅಷ್ಟೇ.

ಟೈರಿಗೂ ಒಂದು ಗುಣವಿದೆ. ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗೋದಿಲ್ಲ, ಸ್ವಲ್ಪ ಕಮ್ಮಿಯೇ ಸಿಗುತ್ತದೆ. ಹಾಗಾಗಿ ಯಾವ ಜೋಡಿಯಲ್ಲಿ ಒಂದು ಚಕ್ರಕ್ಕೆ ಹೆಚ್ಚು, ಇನ್ನೊಂದಕ್ಕೆ ಕಮ್ಮಿ ಭಾರ ಬೀಳುತ್ತದೋ ಆ ಜೋಡಿಯ ಒಟ್ಟು ಹಿಡಿತ ತಗ್ಗುತ್ತದೆ. ಬಾರ್ ಬಿಗಿ ಮಾಡಿದ ಕಡೆಯೇ ಮೊದಲು ಜಾರೋದು ಇದೇ ಕಾರಣಕ್ಕೆ.

ಮುಂದೆ ದಪ್ಪ ಹಾಕಿದರೆ: ಸ್ಟೇರಿಂಗ್ ತಿರುಗಿಸಿದಷ್ಟು ಕಾರು ತಿರುಗೋದಿಲ್ಲ, ಮೂತಿ ತಿರುವಿನ ಹೊರಗಡೆ ಎಳೆಯುತ್ತದೆ. ಮುಂದಿನ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಕಾರಾದರೆ ಇನ್ನೊಂದು ತಾಪತ್ರಯ. ಏರು ತಿರುವಲ್ಲಿ ಒಳಗಿನ ಮುಂದಿನ ಚಕ್ರ ಹಗುರವಾಗಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಗಾಡಿ ಮುಂದೆ ಹೋಗೋದಿಲ್ಲ.

ಹಿಂದೆ ದಪ್ಪ ಹಾಕಿದರೆ: ಕಾರು ಚುರುಕಾಗಿ ತಿರುಗುತ್ತದೆ. ಒಣ ರಸ್ತೆಯಲ್ಲಿ ಓಡಿಸಿ ನೋಡಿದವರು ‘ಸೂಪರ್’ ಅನ್ನೋದು ಇದಕ್ಕೇ. ಆದರೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಮೊದಲೇ ಹಗುರವಾಗಿರುತ್ತದೆ. ಅದರ ಮೇಲೆ ಒದ್ದೆ ರಸ್ತೆ, ತರಗೆಲೆ. ಆಗ ಹಿಂದಿನ ಚಕ್ರ ಜಾರಿದರೆ ಕಾರು ಅಡ್ಡ ತಿರುಗುತ್ತದೆ. ಮೂತಿ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು. ಬಾಲ ಜಾರಿದರೆ ಸಾಮಾನ್ಯ ಚಾಲಕರಿಗೆ ಸುಧಾರಿಸೋದು ಕಷ್ಟ. ಕಂಪನಿಗಳು ಕಾರನ್ನು ಮೂತಿ ಮೊದಲು ಜಾರುವ ಹಾಗೆ ಹೊಂದಿಸಿ ಕೊಡೋದು ಇದಕ್ಕಾಗಿಯೇ.

ಇನ್ನೊಂದು ವಿಷಯ. ಮುಂದಿನ ಚಕ್ರದಿಂದ ಓಡುವ ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಎರಡೂ ಚಕ್ರ ಸೇರಿಸುವ ಒಂದು ಅಡ್ಡ ಬೀಮ್ ಇರುತ್ತದೆ. ಆ ಬೀಮ್ ತಾನೇ ತಿರುಚಿಕೊಂಡು ಸ್ಟೆಬಿಲೈಜರ್ ಕೆಲಸವನ್ನೂ ಮಾಡುತ್ತದೆ. ‘ಹಿಂದೆ ಬಾರ್ ಇಲ್ಲ, ಕಂಪನಿ ಉಳಿಸಿಕೊಂಡಿದೆ’ ಅಂದುಕೊಳ್ಳಬೇಕಾಗಿಲ್ಲ.

ಗುಂಡಿ ರಸ್ತೆಗೆ ದಪ್ಪ ಬಾರ್ ಆಗಿಬರೋದಿಲ್ಲ

ಊರೊಳಗಿನ ರಸ್ತೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಗುಂಡಿಗೆ ಬೀಳೋದು ಅಪರೂಪ. ಒಂದು ಚಕ್ರ ಗುಂಡಿಗೆ, ಇನ್ನೊಂದು ಟಾರ್ ಮೇಲೆ. ಬಾರ್ ದಪ್ಪವಿದ್ದಷ್ಟೂ ಒಂದು ಕಡೆಯ ಏಟು ಇನ್ನೊಂದು ಕಡೆಗೆ ದಾಟುತ್ತದೆ, ಕೂತವರ ತಲೆ ಎಡಕ್ಕೆ ಬಲಕ್ಕೆ ಓಲಾಡುತ್ತದೆ. ತೋಟದ ಮಣ್ಣು ದಾರಿಯಲ್ಲಿ ಒಂದು ಚಕ್ರ ನೆಲ ಬಿಟ್ಟು ಏಳೋದೂ ಉಂಟು.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವಂಥ ಮಣ್ಣು ರಸ್ತೆಯ ರ‍್ಯಾಲಿಗಳಿಗೆ ಸಾಮಾನ್ಯವಾಗಿ ಮೆದು ಬಾರ್ ಬಳಸುತ್ತಾರೆ. ಬಿಗಿ ಬಾರ್ ಇರೋದು ನುಣುಪು ಟಾರ್ ಟ್ರ್ಯಾಕ್‌ಗೆ. ಜೀಪ್ ರಾಂಗ್ಲರ್ ರುಬಿಕಾನ್‌ನಲ್ಲಂತೂ ಕಲ್ಲುದಾರಿಗೆ ಇಳಿದಾಗ ಮುಂದಿನ ಬಾರ್‌ನ ಸಂಪರ್ಕವನ್ನೇ ಬಟನ್ ಒತ್ತಿ ತಪ್ಪಿಸುವ ವ್ಯವಸ್ಥೆ ಇದೆ.

ಮೊದಲು ಹಳೇದನ್ನು ನೋಡಿ

ಐದಾರು ವರ್ಷ ಓಡಿದ ಕಾರು ಮೊದಲಿಗಿಂತ ಜಾಸ್ತಿ ವಾಲುತ್ತಿದೆ ಅಂದರೆ ಸಾಮಾನ್ಯವಾಗಿ ಬಾರ್ ಸಣ್ಣದಾಗಿಲ್ಲ, ಸುತ್ತಲಿನ ಸಾಮಾನು ಸವೆದಿದೆ. ಖರ್ಚು ಕಮ್ಮಿ ಇರೋದರಿಂದ ಶುರು ಮಾಡಿ, ಈ ಕ್ರಮದಲ್ಲಿ ನೋಡಿಸಬಹುದು:

1. ಟೈರ್ ಗಾಳಿ: ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕರ್‌ನಲ್ಲಿ ಎಷ್ಟು ಗಾಳಿ ಬೇಕು ಅಂತ ಇರುತ್ತದೆ. ತುಂಬಿದ ಗಾಡಿಗೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕ ಮಡಚಿಕೊಂಡು ಕಾರು ತೂಗಿದ ಹಾಗಾಗುತ್ತದೆ.

2. ಲಿಂಕ್ ರಾಡ್: ನಿಧಾನವಾಗಿ ಗುಂಡಿ ರಸ್ತೆಯಲ್ಲಿ ಹೋಗುವಾಗ ಮುಂದಿನಿಂದ ‘ಕಟ ಕಟ’ ಸದ್ದು ಬಂದರೆ ಮೊದಲ ಅನುಮಾನ ಇದರ ಮೇಲೆ. ಬದಲಾಯಿಸೋದಾದರೆ ಎರಡೂ ಕಡೆ ಒಟ್ಟಿಗೆ ಬದಲಾಯಿಸಿ.

3. ಬುಷ್: ರಬ್ಬರ್ ಬಿರುಕು ಬಿಟ್ಟು ಸಡಿಲಾಗಿದ್ದರೆ ಬಾರ್ ತಿರುಚಿಕೊಳ್ಳೋ ಮೊದಲು ಆ ಸಡಿಲಿನಲ್ಲೇ ಆಡುತ್ತದೆ. ಹಳೇ ಮಾರುತಿ 800ರಲ್ಲಿ ಇದೇ ರಾಡ್ ಮುಂದಿನ ಚಕ್ರವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಅದರ ಬುಷ್ ಹೋದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯಬಹುದು.

4. ಶಾಕ್ ಅಬ್ಸಾರ್ಬರ್: ಮೇಲೆ ಆಯಿಲ್ ಸೋರಿದ ಗುರುತಿದ್ದರೆ, ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಕುಣಿದರೆ ಅದು ಮುಗಿದಿದೆ ಅಂತ ಅರ್ಥ.

5. ಮೇಲಿನ ಲೋಡ್: ಅಂಗಡಿ ಸಾಮಾನನ್ನು ಕ್ಯಾರಿಯರ್ ಮೇಲೆ ಪೇರಿಸಿದರೆ ಗಾಡಿಯ ಭಾರ ಮೇಲಕ್ಕೆ ಹೋಗುತ್ತದೆ. ಅದೇ ಮೂಟೆಯನ್ನು ಸೀಟ್ ಮಡಚಿ ನೆಲದ ಮಟ್ಟದಲ್ಲಿ, ಜಾರದಂತೆ ಕಟ್ಟಿಟ್ಟರೆ ವಾಲೋದು ತಾನಾಗೇ ಇಳಿಯುತ್ತದೆ.

ಇಷ್ಟೂ ಸರಿಯಾದ ಮೇಲೆ ಕಾರನ್ನು ಘಾಟಿಯಲ್ಲಿ ಒಮ್ಮೆ ಓಡಿಸಿ ನೋಡಿ. ಬಹಳ ಸಲ ಹೊಸ ಬಾರ್ ವಿಚಾರವೇ ಬೇಡವಾಗುತ್ತದೆ.

ಹಾಕಿಸಲೇಬೇಕು ಅಂದರೆ

ಎತ್ತರದ ಗಾಡಿ, ಹೆಚ್ಚಾಗಿ ಹೈವೇ ಓಡಾಟ ಇರುವವರಿಗೆ ಲಾಭ ಇಲ್ಲದಿಲ್ಲ. ಅದೇ ಕಾರಿನ ಬೇರೆ ವೇರಿಯಂಟ್‌ಗೆ ಕಂಪನಿಯೇ ಬಾರ್ ಕೊಟ್ಟಿದ್ದರೆ ಆ ಪಾರ್ಟ್ ನಂಬರ್ ಕೇಳಿ, ಅದು ನಿಮ್ಮ ಗಾಡಿಗೆ ಆಗುತ್ತದಾ ಅಂತ ಸರ್ವಿಸ್ ಸೆಂಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಹೊರಗಿನ ಮಾಲಾದರೆ ಒಂದು ಹಂತಕ್ಕಿಂತ ಹೆಚ್ಚು ದಪ್ಪಕ್ಕೆ ಹೋಗಬೇಡಿ. ಬುಷ್, ಲಿಂಕ್ ರಾಡ್ ಹೊಸದೇ ಹಾಕಿಸಿ. ಬ್ರ್ಯಾಕೆಟ್‌ಗೆ ಬಾಡಿ ಕೊರೆಯಬೇಕು, ವೆಲ್ಡಿಂಗ್ ಮಾಡಬೇಕು ಅಂದರೆ ಆ ಕೆಲಸ ಬೇಡ. ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ವಾಲದ ಕಾರು ‘ವೇಗ ಜಾಸ್ತಿ ಆಯ್ತು’ ಅನ್ನೋ ಸೂಚನೆಯನ್ನೂ ಕೊಡೋದಿಲ್ಲ ಅನ್ನೋದು ತಲೆಯಲ್ಲಿರಲಿ.

ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ಆರ್‌ಸಿಯಲ್ಲಿ ಸ್ಟೆಬಿಲೈಜರ್ ಬಾರ್‌ಗೆ ಬೇರೆ ಕಾಲಂ ಇಲ್ಲ ನಿಜ. ಆದರೆ ಅಪಘಾತವಾದರೆ ಇನ್ಶೂರೆನ್ಸ್ ಸರ್ವೇಯರ್ ಗಾಡಿಯ ಅಡಿಯನ್ನೂ ನೋಡುತ್ತಾರೆ, ಕ್ಲೇಮ್‌ಗೆ ತಕರಾರು ಬರಬಹುದು. ಆದ್ದರಿಂದ ದುಡ್ಡು ಕೊಡೋ ಮೊದಲೇ ಆರ್‌ಟಿಒ ಕಚೇರಿ ಮತ್ತು ಇನ್ಶೂರೆನ್ಸ್ ಕಂಪನಿ ಎರಡೂ ಕಡೆ ಕೇಳಿ, ಸಾಧ್ಯವಾದರೆ ಬರಹದಲ್ಲೇ ಉತ್ತರ ತಗೊಳ್ಳಿ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಶೋರೂಂನಲ್ಲೂ ವಿಚಾರಿಸಿ.

ಖರ್ಚಿಲ್ಲದ ಉಪಾಯ

ತಿರುವಲ್ಲಿ ಕಾರನ್ನು ಹೊರಗೆ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ. ಹೇರ್‌ಪಿನ್‌ನಲ್ಲಿ ಗಂಟೆಗೆ 30 ಕಿ.ಮೀ. ಬದಲು 25ಕ್ಕೆ ಇಳಿಸಿದರೆ ಆ ಬಲ ಸುಮಾರು ಶೇ 30 ಕಮ್ಮಿಯಾಗುತ್ತದೆ. ದಪ್ಪ ಬಾರ್ ಭಾರವನ್ನು ಹಂಚುತ್ತದೆ ಅಷ್ಟೇ, ಇದು ಭಾರ ಸರಿಯೋದನ್ನೇ ತಗ್ಗಿಸುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ಕೆಳಗಿನ ಗೇರ್‌ಗೆ ಹಾಕಿ, ತಿರುವಿನ ನಡುವೆ ಬ್ರೇಕ್ ತುಳಿಯಬೇಡಿ. ಹತ್ತಿ ಬರುವ ಗಾಡಿಗೆ ದಾರಿ ಬಿಡೋದು ಘಾಟಿಯ ನಿಯಮ. ಆಗುಂಬೆಯ ಮಳೆಗಾಲಕ್ಕಂತೂ ದಪ್ಪ ಬಾರ್‌ಗಿಂತ ಮೊದಲು ಬೇಕಾಗಿರೋದು ಗೀರು ಉಳಿದಿರುವ ನಾಲ್ಕು ಟೈರ್.