ಉಂಡ ನೆಲದ ಋಣ

ಜಯನಗರ, ಬನಶಂಕರಿಗಳ ಅಡುಗೆಮನೆಯನ್ನು ಸೇರುವ ರಾಗಿಯು ಬಹುಪಾಲು ಮಳೆಯನ್ನೇ ನಂಬಿದ ಸಣ್ಣ ರೈತನ ಬೆಳೆ. ಆತ ನಮಗೆ ಉಣಿಸುತ್ತಾನೆ. ಅವನ ಮಣ್ಣಿಗೆ ಉಣಿಸುವವರಾರು?

ಪ್ರತಿಯೊಂದು ಫಸಲೂ ನೆಲದ ಸಾರವನ್ನು ಒಂದಿಷ್ಟು ಕೊಂಡೊಯ್ಯುತ್ತದೆ. ಯೂರಿಯಾ ಎರಚಿದ ಮಾತ್ರಕ್ಕೆ ಆ ಸಾಲ ತೀರದು. 2009ರಲ್ಲಿ ರಾಜ್ಯ ಸರ್ಕಾರವು ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ನೆರವಿನಿಂದ ‘ಭೂಚೇತನ’ ಯೋಜನೆಯನ್ನು ಕೈಗೊಂಡಿತು. ಮಣ್ಣನ್ನು ಪರೀಕ್ಷಿಸಿದಾಗ ಅನೇಕ ಹೊಲಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ಕಂಡುಬಂದಿತು. ಕೊರತೆಯಿದ್ದುದನ್ನು ಮಿತವಾಗಿ ಒದಗಿಸಲು, ಇಳುವರಿಯು ಹೆಚ್ಚಿತು.

ಆದರೆ ಅಷ್ಟರಿಂದಲೇ ನೆಲದ ಹಸಿವು ಹಿಂಗದು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ದೀರ್ಘಕಾಲದ ರಾಗಿ ಪ್ರಯೋಗ ಇದಕ್ಕೆ ಸಾಕ್ಷಿ. ರಾಸಾಯನಿಕ ಗೊಬ್ಬರವನ್ನಷ್ಟೇ ಉಂಡ ತಾಕುಗಳಲ್ಲಿ ಇಳುವರಿಯು ವರ್ಷಗಳು ಕಳೆದಂತೆ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವೂ ಜೊತೆಗೂಡಿದಲ್ಲಿ ಸ್ಥಿರವಾಗಿ ನಿಂತಿತು.

ರಾಗಿಯ ತವರಾದ ಪೂರ್ವ ಆಫ್ರಿಕದ ಸಣ್ಣ ರೈತನ ಸಂಕಟವೂ ಇದೇ: ಸಾರಗುಂದಿದ ನೆಲ, ಕೈಗೆಟುಕದ ಗೊಬ್ಬರ. ದನಗಳನ್ನು ಮಾರಿ ಹಟ್ಟಿ ಬರಿದಾದವನಿಗೆ 10 ಟನ್ ಎಲ್ಲಿಂದ ಬಂದೀತು? ನಮ್ಮ ಮನೆಗಳ ಹಸಿಕಸವಾದರೂ ಪ್ಲಾಸ್ಟಿಕ್ಕಿನೊಡನೆ ಬೆರೆಯದೆ, ಗೊಬ್ಬರವಾಗಿ ಹೊಲಕ್ಕೆ ಮರಳಿದರೆ ಉಂಡ ಋಣ ಒಂದಿಷ್ಟು ತೀರೀತು.